ಬುದ್ಧ ನೋಡದ ಮರ

ನೆಲ್ಯಾಡಿ
ನವೆಂಬರ್ 1984, ಬುಧವಾರ

ಪ್ರೀತಿಯ ಮಹೇಶ್ವರ ಮಾಸ್ತರರಿಗೆ,

ನಿಮ್ಮ ಅಗಸ್ಟಿನನ ನಮಸ್ಕಾರ. ಇದನ್ನು ನಿಮಗೆ ಓದಿ ಹೇಳುವವರು ನಿಮ್ಮ ಮನೆಯವರಾದ ಸತ್ಯವತಿಯಮ್ಮ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮ ಕಣ್ಣು ಮಂಜಾದ ಮೇಲೆ ನಿಮ್ಮಿಂದ ಏನನ್ನಾದರೂ ಮುಚ್ಚಿಡುವುದು ಸುಲಭ; ಒಪ್ಪಿಕೊಳ್ಳಬೇಕಾದರೆ ಮಾತ್ರ ಇಬ್ಬರ ಮುಂದೆ ಒಪ್ಪಿಕೊಳ್ಳಬೇಕು. ಇರಲಿ. ಅಮ್ಮಾ, ದಯವಿಟ್ಟು ಒಂದು ಸಾಲನ್ನೂ ಬಿಡದೆ ಓದಿ.

ಮಾಸ್ತರರೇ, ನೀವು ಹೇಳಿ ಬರೆಸಿದ ಪುಸ್ತಕದಲ್ಲಿ ನಾನೊಂದು ಸುಳ್ಳು ಸೇರಿಸಿದ್ದೇನೆ. ಅಚ್ಚಾಗುವ ಮೊದಲು ಅದು ನಿಮಗೆ ತಿಳಿಯಬೇಕು.

ಹತ್ತನೆಯ ತರಗತಿಯಲ್ಲಿ ನೀವು ಕೊಟ್ಟ ಪ್ರಶ್ನೆ ನೆನಪಿದೆಯೇ? 'ಏಷ್ಯಾದ ಪ್ರಾಚೀನ ಧರ್ಮಗಳೆಲ್ಲ ಒಂದೇ ಮಾತನ್ನು ಹೇಳುತ್ತವೆ, ವಿವರಿಸಿ.' ನಾನು ಬರೆದದ್ದು ಎರಡೇ ವಾಕ್ಯ: 'ಹೇಳುವುದಿಲ್ಲ. ಒಬ್ಬರು ದೇವರನ್ನು ಕರೆಯುತ್ತಾರೆ, ಇನ್ನೊಬ್ಬರು ದೇವರ ಸುದ್ದಿಗೇ ಹೋಗುವುದಿಲ್ಲ.' ಸೊನ್ನೆ ಬಂತು. ಮರುದಿನದಿಂದ ಶಾಲೆ ಬಿಟ್ಟೆ. ಸೊನ್ನೆ ಕೊಟ್ಟದ್ದಕ್ಕೆ ಬಿಟ್ಟೆ ಎಂದು ಊರಿಡೀ ಹೇಳಿಕೊಂಡು ತಿರುಗಿದೆ. ನಿಜವೆಂದರೆ ಬೆಂಚಿನಲ್ಲಿ ಕೂರುವುದೇ ನನ್ನಿಂದ ಆಗುತ್ತಿರಲಿಲ್ಲ; ಸೊನ್ನೆ ಒಂದು ನೆಪವಾಯಿತು. ಲಾರಿಯಲ್ಲಿ ಕ್ಲೀನರ್ ಆದೆ, ಕಲ್ಲುಗುಂಡಿಯ ಹೋಟೆಲಿನಲ್ಲಿ ಪರೋಟ ಬಡಿದೆ, ಕೊನೆಗೆ ಅಜ್ಜ ಪೌಲೋಸರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಹಿಡಿದೆ, ತೊಗಟೆ ಕೆತ್ತಿ ಮರದ ಹಾಲು ಇಳಿಸುವ ಕೆಲಸ.

ಅಲ್ಲಿಗೆ ನೀವು ಬಂದಿರಿ. ನಿವೃತ್ತರಾಗಿ ನರಿಮೊಗರಿನ ಮನೆಗೆ ಹೋದ ಮೇಲೆ, ಕೋಲೂರಿಕೊಂಡು, ಎರಡು ಬಸ್ಸು ಹತ್ತಿ. "ಎಂತ ಮಾರಾಯ, ನೀನು ಅವತ್ತು ಬರೆದದ್ದು ಸರಿ ಉಂಟು. ನನ್ನ ಪ್ರಶ್ನೆಯೇ ತಪ್ಪು. ಮಕ್ಕಳಿಗೆ ಆ ಧರ್ಮಗಳ ಬಗ್ಗೆ ಒಂದು ಪುಸ್ತಕ ಮಾಡ್ಬೇಕು ಅಂತ ಉಂಟು, ಕಣ್ಣು ಕಾಣುದಿಲ್ಲ. ನಾನು ಹೇಳ್ತೇನೆ, ನೀನು ಬರಿ" ಅಂದಿರಿ. ಅಜ್ಜ ನಕ್ಕರು: "ಇವ ಬರೆಯುದಾ ಮಾಸ್ಟ್ರೇ? ಇವನಿಗೆ ಕೂತಲ್ಲಿ ಕೂರ್ಲಿಕ್ಕೆ ಗೊತ್ತಿಲ್ಲ." ನೀವೆಂದಿರಿ, "ಹಾಗಾದ್ರೆ ನಿಂತು ಬರೀಲಿ."

ನಿಂತೇ ಬರೆದೆ. ಎಂಟು ತಿಂಗಳು, ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದು, ನಿಮ್ಮ ಜಗಲಿಯ ಅರೆಗೋಡೆಯ ಮೇಲೆ ಪುಸ್ತಕವಿಟ್ಟು. ಮಹಾವೀರರು ಇರುವೆಯ ಜೀವಕ್ಕೂ ಬೆಲೆ ಕೊಟ್ಟದ್ದನ್ನು, ಸತ್ಯವನ್ನು ಒಂದೇ ಬದಿಯಿಂದ ನೋಡಿ ಮುಗಿಸಲಾಗದು ಎಂದು ಜೈನರು ತಿಳಿದದ್ದನ್ನು ಬರೆದ ದಿನ ಬಸ್ಸಿನಲ್ಲಿ ಯಾರೊಡನೆಯೂ ಜಗಳವಾಡಲಿಲ್ಲ. ಮಗ ಮಗನಂತೆ, ಅರಸ ಅರಸನಂತೆ ನಡೆದರೆ ನಾಡು ನೆಟ್ಟಗಾಗುತ್ತದೆ ಎಂಬ ಚೀನಾದ ಕನ್‌ಫ್ಯೂಷಿಯಸನ ಮಾತು ಅಜ್ಜನಿಗೆ ಎಷ್ಟು ಹಿಡಿಸಿತೆಂದರೆ, ಆ ಪುಟವನ್ನು ನನ್ನಿಂದ ಮೂರು ಸಲ ಓದಿಸಿದರು. ನನಗೆ ಹಿಡಿಸಿದವನು ಅದೇ ನಾಡಿನ ಲಾವೋತ್ಸೆ. ಯಾರಿಗೂ ಬೇಡದ ತಗ್ಗಿಗೇ ನೀರು ಹೋಗುತ್ತದೆ, ಅದೇ ಅದರ ಬಲ ಎಂದವನು. ಅವನು ನಿಜಕ್ಕೂ ಇದ್ದನೇ ಎಂದು ಕೇಳಿದೆ. "ಗೊತ್ತಿಲ್ಲ ಅಂತ ಬರಿ" ಅಂದಿರಿ. ಪರ್ಶಿಯಾದ ಜರತುಷ್ಟ್ರ ಹುಟ್ಟಿದ್ದು ಯಾವಾಗ? "ಅದೂ ಗೊತ್ತಿಲ್ಲ ಅಂತ ಬರಿ. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ, ಆರಿಸ್ಲಿಕ್ಕೆ ಇರುವವ ನೀನೇ ಅಂತ ಅವ ಹೇಳಿದ್ದು ಗೊತ್ತುಂಟು." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪುಸ್ತಕವನ್ನು ನಾನು ಮೊದಲ ಬಾರಿ ನೋಡುತ್ತಿದ್ದೆ, ಅದೂ ನನ್ನದೇ ಅಕ್ಷರದಲ್ಲಿ.

ಅಂಥ ಪುಸ್ತಕವನ್ನು ಕೆಡಿಸಿದೆ. ಬುದ್ಧನ ಪುಟ ನಿಮಗೆ ನೆನಪಿರಬಹುದು. ಕಾಲಲ್ಲಿ ರಕ್ತ ಬರುವಷ್ಟು ಕಠಿಣ ಸಾಧನೆ ಮಾಡಿದ ಎಳೆಯ ಭಿಕ್ಷುವಿಗೆ ಬುದ್ಧ ವೀಣೆಯ ಮಾತು ಹೇಳುತ್ತಾನೆ: ತಂತಿ ಅತಿ ಬಿಗಿಯಾದರೂ ನುಡಿಯದು, ಸಡಿಲಾದರೂ ನುಡಿಯದು, ನಡುವಿನ ದಾರಿ ಹಿಡಿ. ನಾನು ವೀಣೆ ಕಂಡವನಲ್ಲ. ನನಗೆ ಗೊತ್ತಿರುವುದು ಟ್ಯಾಪಿಂಗ್ ಕತ್ತಿ. ತೊಗಟೆಯನ್ನು ಬರೀ ಮೇಲ್ಮೇಲೆ ಕೆತ್ತಿದರೆ ಗೆರಟೆಗೆ ಹಾಲು ಇಳಿಯದು; ಆಳಕ್ಕೆ ಹೋದರೆ ಮರಕ್ಕೆ ಗಾಯ. ನಡುವಿನ ಆ ಕೂದಲೆಳೆಯಷ್ಟು ಜಾಗ ನನ್ನ ಕೈಗೆ ಗೊತ್ತು. ಶುದ್ಧಪ್ರತಿ ಮಾಡುವಾಗ ವೀಣೆಯನ್ನು ತೆಗೆದು, 'ಬುದ್ಧನು ರಬ್ಬರ್ ಮರದ ಬುಡದಲ್ಲಿ ನಿಂತು ಹೇಳಿದನು' ಎಂದು ಬರೆದೆ. ನಮ್ಮ ಕಡೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ ಎಂದು ಖುಷಿಪಟ್ಟೆ. ಪ್ರತಿ ಪುತ್ತೂರಿನ ಪ್ರೆಸ್ಸಿಗೆ ಹೋಯಿತು.

ಕಳೆದ ಶನಿವಾರ ಅದನ್ನು ಅಜ್ಜನಿಗೆ ಓದಿ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು. "ಮೋನೇ, ಈ ಮರ ಕಡಲು ದಾಟಿ ಬಂದದ್ದು ನನ್ನ ಅಪ್ಪನ ಕಾಲಕ್ಕೆ. ಬುದ್ಧ ಎಲ್ಲಿಂದ ಟ್ಯಾಪಿಂಗ್ ಮಾಡುದು? ಅವನೂ ನಮ್ಮ ಹಾಗೆ ಕೋಟ್ಟಯಂನಿಂದ ಬಂದವನಾ?"

ಲಾವೋತ್ಸೆ ಇದ್ದದ್ದಕ್ಕೆ ಸಾಕ್ಷಿ ಕೇಳಿದ ನಾನು ಬುದ್ಧನ ಕೈಗೆ ಕತ್ತಿ ಕೊಟ್ಟಿದ್ದೆ.

ಮರುದಿನ ಹೇಳಲೆಂದೇ ನಿಮ್ಮಲ್ಲಿಗೆ ಬಂದೆ. ನೀವು ಸತ್ಯವತಿಯಮ್ಮನೊಡನೆ, "ಇವ ಒಂದು ಅಕ್ಷರ ಆಚೀಚೆ ಮಾಡುವವ ಅಲ್ಲ" ಅಂದಿರಿ. ಹೇಳಲು ಬಂದದ್ದನ್ನು ಹೇಳದೆಯೇ ವಾಪಸು ಬಸ್ಸು ಹತ್ತಿದೆ. ಸೋಮವಾರ ಹಾಲು ಎತ್ತಿದವನೇ ಪ್ರೆಸ್ಸಿಗೆ ಓಡಿದೆ. ಅಚ್ಚಿನ ಮೊಳೆ ಜೋಡಿಸುವ ಸಾಹುಲ್ ಹಮೀದರು, "ಪೇಜು ಕಟ್ಟಿ ಆಯ್ತಲ್ಲ ಮಾರಾಯ, ಈಗ ಬುದ್ಧನನ್ನು ಮರದ ಬುಡದಿಂದ ಎಬ್ಬಿಸುದಾ?" ಎಂದು ಬೈದರು. ಆದರೂ ಆ ಪುಟವನ್ನು ಬದಿಗಿಟ್ಟರು. "ಶನಿವಾರದವರೆಗೆ ಕಾಯ್ತೇನೆ. ಹೇಳ್ಬೇಕಾದ್ದು ಮಾಸ್ಟ್ರು, ನೀನಲ್ಲ."

ಬುದ್ಧನಿಗೆ ವೀಣೆಯನ್ನು ಹಿಂದಿರುಗಿಸಿದ್ದೇನೆ. ನೀವು ಹೇಳಿದಂತೆಯೇ ಬರೆದ ಪುಟ ಇದರೊಳಗಿದೆ. ಅದರ ಕೆಳಗೆ ಗೆರೆ ಎಳೆದು ಒಂದು ಸಾಲು ಬರೆದಿದ್ದೇನೆ: 'ನೆಲ್ಯಾಡಿಯ ಒಬ್ಬ ರಬ್ಬರ್ ಟ್ಯಾಪರ್ ಈ ಮಾತನ್ನು ತನ್ನ ಕತ್ತಿಯಿಂದ ತಿಳಿದುಕೊಂಡ.' ಬೇಡವೆಂದರೆ ಹೊಡೆದು ಹಾಕಿಸಿ, ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲ, ಸ್ವಲ್ಪ ಮಾಡಿಕೊಳ್ಳುತ್ತೇನೆ. ಆದರೆ ಇನ್ನು ಬರೆಯಲು ಬರಬೇಡ ಎಂದರೆ ಮಾತ್ರ 'ಆಗಲಿ' ಎನ್ನಲಾರೆ. ಆ ಭಾನುವಾರಗಳು ನನಗೆ ಬೇಕು.

ಇಷ್ಟು ಬರೆದ ಮೇಲೆ ಮನಸ್ಸು ಹಗುರಾಗಿದೆ. ಇನ್ನೊಂದು ಮಾತು. ನಿಮ್ಮ ಒಳಕೋಣೆಯ ಮೂಲೆಯಲ್ಲಿ ಹಳೆಯ ಸೀರೆ ಸುತ್ತಿದ ಉದ್ದನೆಯ ಗಂಟನ್ನು ನಾನು ಇಷ್ಟು ದಿನ ಹಾಸಿಗೆ ಎಂದುಕೊಂಡಿದ್ದೆ. ಸತ್ಯವತಿಯಮ್ಮ ಹಿಂದೆ ಮಕ್ಕಳಿಗೆ ವೀಣೆ ಕಲಿಸುತ್ತಿದ್ದರು ಎಂದು ಹೇಳಿದವರು ಸಾಹುಲ್ ಹಮೀದರೇ. ಹತ್ತು ಹೆಜ್ಜೆ ಆಚೆ ವೀಣೆಯೇ ಇತ್ತು. ನಾನು ಕೇಳಿದ್ದರೆ ಸಾಕಿತ್ತು.

ಅಮ್ಮಾ, ಭಾನುವಾರ ಅದರ ಸೀರೆ ಬಿಚ್ಚುತ್ತೀರಾ? ಒಂದು ತಂತಿಯನ್ನು ಸಡಿಲ ಬಿಟ್ಟು, ಆಮೇಲೆ ಬಿಗಿದು, ಆಮೇಲೆ ಹದ ಮಾಡಿ ನುಡಿಸಿ. ನಾನು ಕೂತು ಕೇಳುತ್ತೇನೆ.

ಮಾಸ್ತರರೇ, ನಿಮ್ಮ ಪುಸ್ತಕ ಮಕ್ಕಳ ಕೈ ಸೇರಲಿ. ಅದನ್ನು ಅವರು ಗಟ್ಟಿಯಾಗಿ ಓದುವುದು ನಿಮ್ಮ ಕಿವಿಗೆ ಬೀಳಲಿ.

ನಿಮ್ಮ ಕೈಬರಹ,
ಅಗಸ್ಟಿನ್