ಚಳಿಗೆ ಬೆಂಕಿ ತೋರಿಸಿದ ಊರು

ಶಾಲಿವಾಹನ ಶಕೆ ೨೨೧೪, ಕಾರ್ತಿಕ ಬಹುಳ ಹತ್ತೊಂಬತ್ತು
ಹೊಸಮಟ್ಟಿಹಾಳ, ಡೋಣಿ ದಂಡೆ

ನಮಗಿಂತ ಮುಂಚೆ ಈ ನೆಲದ ಮೇಲೆ ಬಾಳಿದ ಹಿರಿಯರಿಗೆ ಇಂದ್ರವ್ವನ ರಾಮಕೃಷ್ಣ ಹರಿ.

ತಿಥಿ ನೋಡಿ ನಕ್ಕಿರುತ್ತೀರಿ. ಬಹುಳಕ್ಕೆ ಹದಿನೈದೇ ತಿಥಿ ಅನ್ನುವುದು ನನಗೂ ಗೊತ್ತು. ಆದರೆ ನಮ್ಮ ಪಂಚಾಂಗದಲ್ಲಿ ಚಳಿ ಬಂದು ನಾಡೆಲ್ಲ ದಾಟುವ ತನಕ ಕಾರ್ತಿಕ ಮುಗಿಯುವುದಿಲ್ಲ. ಅಮಾವಾಸ್ಯೆ ದಾಟಿದರೂ ತಿಂಗಳನ್ನು ಹಿಡಿದಿಟ್ಟುಕೊಂಡು ಕೂತಿರುತ್ತೇವೆ. ಈ ಹೆಚ್ಚಿನ ದಿನಗಳಿಗೆ ಕಾಯುವ ತಿಥಿ ಅನ್ನುತ್ತಾರೆ. ಎಷ್ಟೋ ವರ್ಷ ಕಾದು ಕಾದು ಬೇಸತ್ತು ಪಂಚಾಂಗದವರೇ ಕೈಬಿಟ್ಟು ಮಾರ್ಗಶಿರ ಶುರು ಮಾಡುತ್ತಾರೆ. ನನ್ನ ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಊರ ಸಾಲಿಯಲ್ಲಿ ಏಳನೇ ಇಯತ್ತೆ ಕಲಿತವಳು, ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡವಳು. ಐವತ್ತು ತುಂಬಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಈ ಕಾಗದಕ್ಕೆ ಹಿಂದೋಲೆ ಅಂತ ಹೆಸರು. ಕಾಲದ ಹಿಂದಕ್ಕೆ ಹೋಗುವ ಓಲೆ. ಹೇಗೆ ಹೋಗುತ್ತದೆ ಅಂತ ಕೇಳಬೇಡಿ. ಕೆಂಪು ಡಬ್ಬಿಗೆ ಹಾಕಿದ ಕಾಗದ ಮಗಳ ಮನೆಗೆ ಹೇಗೆ ಮುಟ್ಟುತ್ತದೆ ಅಂತ ನಿಮ್ಮ ಅಜ್ಜಿಯರೂ ಕೇಳಿರಲಿಕ್ಕಿಲ್ಲ. ವರ್ಷಕ್ಕೊಂದು ಊರಿಗೆ ಒಂದೇ ಓಲೆಯ ಪಾಳಿ ಬರುತ್ತದೆ. ಈ ವರ್ಷ ನಮ್ಮ ಊರಿಗೆ ಬಂತು. ಬೇರೆ ಯಾರೂ ಬರೆಯಲಿಲ್ಲ, ನನ್ನ ಹೊಟ್ಟೆಯಲ್ಲಿ ಮಾತ್ರ ಬರೆಯುವಷ್ಟು ಉರಿ ಇತ್ತು.

ನಾವು ಇರುವುದು ಹಗೇವಿನಲ್ಲಿ. ನೀವು ಜೋಳ ಕೆಡದ ಹಾಗೆ ನೆಲದಲ್ಲಿ ಹಗೇವು ತೋಡಿ ತುಂಬಿಡುತ್ತಿದ್ದಿರಲ್ಲ, ನಾವು ಬಿಸಿಲಿಗೆ ಬೇಯದ ಹಾಗೆ ನಮ್ಮನ್ನೇ ತುಂಬಿಟ್ಟುಕೊಂಡಿದ್ದೇವೆ. ಹೊತ್ತು ಏರಿದರೆ ಕೆಳಗಿಳಿದು ಮಲಗುವುದು, ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಹೋಗುವುದು. ಒಂದು ದೊಡ್ಡ ತಂಪುಕೋಣೆ ಇದೆ, ಕೂಸುಗಳನ್ನೂ ಮುದುಕರನ್ನೂ ಅಲ್ಲಿ ಮಲಗಿಸುತ್ತೇವೆ. ಅದು ಯಂತ್ರದ ಡಬ್ಬಿಯ ತಂಪು. ಮೈ ಆರುತ್ತದೆ, ಆದರೆ ಅದರಿಂದ ಗಿಡದ ಎಲೆ ಮೇಲೆ ಒಂದು ಹನಿ ಕೂಡುವುದಿಲ್ಲ. ನಿಜವಾದ ಚಳಿ ಬಂದರೆ ಬಡಗಣದಿಂದ ಬರುತ್ತದೆ, ಪಂಢರಪುರಕ್ಕೆ ನಡೆದು ಹೊರಟ ಭಕ್ತರ ದಿಂಡಿಯ ಹಾಗೆ ಸಾಲು ಹಿಡಿದು, ಒಂದು ಊರಿನ ಮೇಲೆ ಹಾದು ಇನ್ನೊಂದನ್ನು ಬಿಟ್ಟು. ಅದಕ್ಕೇ ಅದನ್ನು ಥಂಡಿ ದಿಂಡಿ ಅನ್ನುತ್ತೇವೆ. ಒಂದು ದಿನ ಇರುತ್ತದೆ, ಹೋಗುತ್ತದೆ. ಐವತ್ತು ವರ್ಷದಲ್ಲಿ ಅದು ನಮ್ಮ ಊರ ದಾರಿ ಹಿಡಿದಿರಲಿಲ್ಲ.

ನಿಮಗೋ, ವರ್ಷವೂ ಬರುತ್ತಿತ್ತು. ಸಾಲಿಯಲ್ಲಿ ನಮಗೆ ನಿಮ್ಮ ಹವಾ ವರ್ತಮಾನವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಉತ್ತರ ಒಳನಾಡಿನಲ್ಲಿ ಒಣಹವೆ, ಕೆಲವೆಡೆ ಮುಂಜಾನೆ ಮಂಜು ಮುಸುಕುವ ಸಾಧ್ಯತೆ, ಅತಿ ಕಡಿಮೆ ಉಷ್ಣಾಂಶ ವಿಜಯಪುರದಲ್ಲಿ ದಾಖಲಾಗಿದೆ. ನಾನಿದನ್ನು ಹರಿಪಾಠದ ಜೊತೆಗೇ ಕಲಿತವಳು, ಈಗಲೂ ರೊಟ್ಟಿ ಬಡಿಯುವಾಗ ಬಾಯಿಗೆ ಬರುತ್ತದೆ. ಅದನ್ನು ಓದುವವರ ದನಿಯಲ್ಲಿ ಒಂಚೂರು ಸಂಭ್ರಮ ಇರಲಿಲ್ಲ. ನೀರು ಬಂತು, ಹಾಲು ಬಂತು ಅಂದ ಹಾಗೆ. ಕೇಳಿದಾಗೆಲ್ಲ ನನ್ನ ಎದೆಯಲ್ಲಿ ಒಂದು ಕೆಂಡ ಹೊರಳುತ್ತಿತ್ತು. ಪಾಂಡುರಂಗನ ಮುಂದೆ ನಿಂತು ಎಷ್ಟೋ ಸಲ ಕೇಳಿದ್ದೇನೆ, ಅವರು ನಿನಗೆ ಯಾವ ಹೂವು ಏರಿಸಿದ್ದರಪ್ಪ, ನಾವು ಏನು ಕಡಿಮೆ ಮಾಡಿದೆವು ಅಂತ.

ಈ ಕಾರ್ತಿಕದಲ್ಲಿ ದಿಂಡಿ ಡೋಣಿಯ ಮೇಲೇ ಹಾದುಹೋಗುತ್ತದೆ ಅಂತ ಗಾಳಿ ಕಾಯುವವರು ಸಾರಿದರು. ಆಗ ನನ್ನ ಮಗಳು ಮುಕ್ತಾ ಸೀಮಂತದ ಕುಬಸ ಮಾಡಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಬಂದವಳ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ರೊಟ್ಟಿ ಕಂಡರೆ ಮುಖ ತಿರುಗಿಸುವಳು. ಆಕೆಗೆ ಬೇಕಾದದ್ದು ಒಂದೇ, ಕಡಲೆ ಹುಳಿ. ನಿಮ್ಮಲ್ಲಿ ಪಟ್ಟಣದವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಚಳಿ ಬಿದ್ದಾಗ ಕಡಲೆ ಗಿಡದ ಮೇಲೆ ಸಂಜೆ ಒಂದು ತೆಳ್ಳನೆಯ ಅರಿವೆ ಹಾಸಿ ಬರುವುದು. ಗಿಡದ ಹುಳಿಯೆಲ್ಲ ಇಬ್ಬನಿಯಲ್ಲಿ ಕರಗಿ ಅರಿವೆಗೆ ಇಳಿಯುತ್ತದೆ. ಬೆಳಿಗ್ಗೆ ಹಿಂಡಿಕೊಂಡರೆ ಅದೇ ಹುಳಿ. ಮುಕ್ತಾ ಅದನ್ನು ಹುಟ್ಟಿದಾಗಿನಿಂದ ಕಂಡವಳಲ್ಲ, ನನ್ನ ಅವ್ವ ಹೇಳುತ್ತಿದ್ದ ಕಥೆಯಲ್ಲಿ ಕೇಳಿದ್ದು ಅಷ್ಟೇ. ಆದರೆ ಬಯಕೆಗೆ ಕಂಡದ್ದು ಕಾಣದ್ದು ಅಂತ ಇದೆಯೇನು? ಬೇರೆ ಯಾವುದರಿಂದಲೋ ಮಾಡಿದ ಹುಳಿ ಕೊಟ್ಟರೆ ವಾಂತಿ ಮಾಡಿಕೊಂಡಳು. ಕೈ ಬಳೆ ಮೊಣಕೈ ತನಕ ಏರುವಷ್ಟು ಸೊರಗಿದ್ದಳು. ನನ್ನ ಕೈಯಿಂದಲೇ ಹುಳಿ ಹಿಂಡಿ ನನ್ನ ಮಗಳಿಗೆ ಕುಡಿಸುತ್ತೇನೆ ಅಂತ ವಿಠ್ಠಲನ ಮುಂದೆ ಹರಕೆ ಹೊತ್ತೆ.

ಊರವರು ಗುಡಿಯಲ್ಲಿ ಸೇರಿ ಚಳಿಯನ್ನು ಹೇಗೆ ಎದುರುಗೊಳ್ಳಬೇಕು ಅಂತ ಮಾತಾಡಿದರು. ನಮಗೆ ರೂಢಿ ಇಲ್ಲ. ನಿಮ್ಮ ಚಿತ್ರಗಳನ್ನೆಲ್ಲ ತೆಗೆದು ನೋಡಿದೆವು. ಯಾವ ಚಿತ್ರದಲ್ಲಿ ನೋಡಿದರೂ ಚಳಿ ಬಂದಿದೆ ಅಂದರೆ ನೀವು ಬೆಂಕಿ ಹಾಕಿಕೊಂಡು ಸುತ್ತ ಕೂತಿದ್ದೀರಿ. ಹೌದಲ್ಲ, ಇದೇ ಅದರ ಪೂಜೆ ಅಂದುಕೊಂಡೆವು. ಅತಿಥಿಗೆ ದೀಪ ಹಚ್ಚುವುದಿಲ್ಲವೇ, ಹಾಗೆ. ಪ್ರತಿ ಹೊಲದ ಬದುವಿನ ಮೇಲೆ ಬೆಂಕಿ ಹಾಕಬೇಕು ಅಂತ ಠರಾವು ಆಯಿತು. ವರ್ಷದ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಎಲ್ಲ ಹೊರಬಿತ್ತು. ಎಲ್ಲರಿಗಿಂತ ದೊಡ್ಡ ಬೆಂಕಿ ನನ್ನದೇ.

ಒಬ್ಬಳು ಮಾತ್ರ ಒಂದು ಕಡ್ಡಿ ಕೊಡಲಿಲ್ಲ. ಅವಳೇ ನನ್ನ ಬೀಗತಿ ಚಂದ್ರಭಾಗವ್ವ, ಮುಕ್ತಾಳ ಅತ್ತೆ. ಊರ ಬಡಗಣ ತುದಿಗೆ ಆಕೆಯ ಹೊಲ. ಜಿಪುಣತನಕ್ಕೆ ಹೆಸರಾದವಳು, ಇದ್ದ ಕಟ್ಟಿಗೆಯನ್ನೆಲ್ಲ ಬೆಂಕಿಗೆ ಸುರಿದರೆ ನಾಳೆ ಒಲೆಗೆ ಏನು ನಿಮ್ಮ ಚಳಿಯನ್ನು ಹಚ್ಚಲೇ ಅಂದಳಂತೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಅರಿವೆಯನ್ನಾದರೂ ಹೊಸದು ಹಾಸಿದಳೇ? ತೇಪೆ ಹಚ್ಚಿದ ಹಳೆ ದುಪ್ಪಟಿ ಒಗೆದು ಹಾಸಿ ಮನೆಗೆ ಹೋಗಿ ಮಲಗಿದಳು. ನಾನು ಗುಡಿಯಲ್ಲಿ ಪೂಜೆ ಮಾಡಿಸಿದ ಹೊಸ ಧೋತರ ಹಾಸಿದ್ದೆ.

ಸಂಜೆ ದಿಂಡಿ ಬಂತು. ನಾವು ತಾಳ ಹಿಡಿದು ಭಜನೆ ಮಾಡುತ್ತ ಬೆಂಕಿಯ ಸುತ್ತ ಕೂತಿದ್ದೆವು. ಹೊಗೆ ನಮ್ಮ ಹೊಲಗಳ ಮೇಲೆ ಚಪ್ಪರ ಹಾಕಿದ ಹಾಗೆ ನಿಂತಿತ್ತು. ಒಂದು ಸಲ, ಒಂದೇ ಸಲ, ನನ್ನ ಬೆನ್ನ ಮೇಲೆ ಯಾರೋ ಒದ್ದೆ ಕೈ ಇಟ್ಟ ಹಾಗಾಯಿತು. ನಾನು ಏನು ಮಾಡಿದೆ ಗೊತ್ತೇ? ನಿಮ್ಮ ಚಿತ್ರದಲ್ಲಿದ್ದ ಮುದುಕಿಯ ಹಾಗೆಯೇ ಸೆರಗು ಹೊದ್ದು ಬೆಂಕಿಗೆ ಇನ್ನೂ ಹತ್ತಿರ ಸರಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಧೋತರ ಒಣಒಣ. ಮೂಗಿಗೆ ಹಿಡಿದರೆ ಹೊಗೆಯ ವಾಸನೆ. ಅಕ್ಕಪಕ್ಕದ ಹೊಲದವರೂ ತಮ್ಮ ತಮ್ಮ ಅರಿವೆ ಹಿಡಿದು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಬಡಗಣ ತುದಿಯಲ್ಲಿ ಚಂದ್ರಭಾಗವ್ವ ದುಪ್ಪಟಿಯ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ ಇನ್ನೊಂದು ತುದಿ ತಿರುವುತ್ತಿದ್ದಳು. ಹಿತ್ತಾಳೆ ತಂಬಿಗೆಗೆ ಧಾರೆ ಬೀಳುವ ಸಪ್ಪಳ ನನಗೆ ಅಲ್ಲಿಗೇ ಕೇಳಿಸಿತು. ನನ್ನನ್ನು ಕಂಡು ಕೈ ಮಾಡಿದಳು.

"ಬಾ ಬೀಗತಿ, ಚಳಿಗೆ ಬೆಂಕಿ ತೋರಿಸಿದರ ಅದು ಹತ್ತರ ಬರತದೇನ? ಚಪ್ಪಲಿ ಬಿಟ್ಟು ಸಾಲಾಗ ಇಳಿ. ಇನ್ನೂ ಹನಿ ಅದಾವ, ಬಿಸಲು ಬಿದ್ದರ ಹೋಗತಾವ."

ಅಣಕವೋ ಅಕ್ಕರೆಯೋ, ಎರಡೂ ಇದ್ದವು ಅಂತ ಕಾಣುತ್ತದೆ. ನನ್ನ ಸ್ನಾನ ಆಗಿದೆ, ಪೂಜೆಗೆ ಹೊತ್ತಾಯಿತು ಅಂದೆ. ಆಕೆಯ ಹೊಲದ ತನಕ ಹೋಗಿ ಬದುವಿನ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತೆ. ಆಗ ಹಿಂದಿನಿಂದ ಮುಕ್ತಾ ಬಂದಳು, ಹೊಟ್ಟೆ ಹಿಡಿದುಕೊಂಡು, ನನ್ನನ್ನು ದಾಟಿ ಸಾಲಿಗೆ ಇಳಿದೇಬಿಟ್ಟಳು. ಅತ್ತೆ ತಂಬಿಗೆ ಬಾಯಿಗೆ ಹಿಡಿದಳು. ಮಗಳು ಕಣ್ಣು ಮುಚ್ಚಿ ಕುಡಿದಳು, ಮುಖ ಕಿವುಚಿದಳು, ಮತ್ತೆ ಕುಡಿದಳು. ಆಮೇಲೆ ಎಲೆ ಕಿತ್ತು ನೆಕ್ಕಿದಳು.

"ಅವ್ವಾ, ಹಲ್ಲೆಲ್ಲ ಜುಂ ಅಂದವು ನೋಡ" ಅಂದಳು.

ಅಂದದ್ದು ಯಾರಿಗೆ? ಅತ್ತೆಯ ಮುಖ ನೋಡಿಕೊಂಡು ಅಂದಳು. ಇಬ್ಬರೂ ಮೊಣಕಾಲ ತನಕ ಸೀರೆ ತೋಯಿಸಿಕೊಂಡು ನಗುತ್ತಿದ್ದರು. ಆ ಹೊತ್ತೇ ಬೀಗತಿಯ ಮನೆಯಲ್ಲಿ ಒಂದು ರೊಟ್ಟಿ ಪೂರ್ತಿ ತಿಂದಳಂತೆ, ಮೇಲೆ ಇನ್ನೊಂದು. ಈಗ ಊಟ ಮಾಡುತ್ತಾಳೆ, ಮುಖಕ್ಕೆ ಬಣ್ಣ ಬಂದಿದೆ. ಕೂಸು ಉಳಿಯಿತು, ಮಗಳು ಉಳಿದಳು, ನಾನು ಸಂತೋಷಪಡಬೇಕು. ಪಡುತ್ತೇನೆ, ದೇವರಾಣೆ ಪಡುತ್ತೇನೆ. ಆದರೆ ಅದು ನನ್ನ ಕೈಯಿಂದ ಆಗಲಿಲ್ಲ. ಬಿಸಿಲು ಬೀಳುವ ತನಕ ನಾನು ಆ ಬದುವಿನ ಮೇಲಿಂದ ಇಳಿಯಲಿಲ್ಲ. ಇಳಿದಾಗ ಎಲೆಗಳು ಒಣಗಿದ್ದವು.

ಎರಡು ದಿನ ಬೀಗತಿಯ ಮೇಲೆ ಉರಿದುಕೊಂಡೆ. ಆಮೇಲೆ ತಿಳಿಯಿತು, ನನ್ನ ಉರಿ ಆಕೆಯ ಮೇಲಿನದಲ್ಲ, ನಿಮ್ಮ ಮೇಲಿನದು. ಚಳಿಯನ್ನು ಅಟ್ಟುವ ನೂರು ದಾರಿ ನೀವು ನಮಗೆ ಬಿಟ್ಟು ಹೋದಿರಿ. ಕಂಬಳಿ, ಕಿವಿಗೆ ಕಟ್ಟುವ ಟೋಪಿ, ಎದೆಗೆ ಹಚ್ಚುವ ಎಣ್ಣೆ, ಶುಂಠಿ ಕಷಾಯ, ಬೆಂಕಿ. ಬಂದರೆ ಹೇಗೆ ಬರಮಾಡಿಕೊಳ್ಳಬೇಕು ಅಂತ ಒಂದು ಮಾತು, ಒಂದು ಚಿತ್ರ ಬಿಡಲಿಲ್ಲ. ಹೊಟ್ಟೆ ತುಂಬ ಉಂಡವರಿಗೆ ಹಸಿದವರ ನೆನಪು ಎಲ್ಲಿಂದ ಬರಬೇಕು.

ಅದಕ್ಕೆ ಒಂದು ಬೇಡಿಕೆ. ನಿಮಗೆ ಈ ವಾರ ಬಡಗಣ ಗಾಳಿ ತಿರುಗಿದರೆ ಎಲ್ಲಾದರೂ ಬರೆದಿಡಿ: ಚಳಿ ಬಂದಾಗ ಬೆಂಕಿ ಆರಿಸಿ ಸುಮ್ಮನೆ ಕೂಡಬೇಕು ಅಂತ. ಬಾಗಿಲ ಮೇಲೆ ಬರೆಯಿರಿ, ಮಕ್ಕಳ ಹಾಡಿನಲ್ಲಿ ಸೇರಿಸಿರಿ, ನಿಮ್ಮ ಇಷ್ಟ. ನಿಮ್ಮನ್ನು ಹರಸಲು ನನಗೆ ಮನಸ್ಸು ಬರುತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಹರಸುವ ಕೆಲಸ ದೇವರಿಗೆ ಬಿಟ್ಟಿದ್ದೇನೆ.

ಓಲೆ ತೆಗೆದುಕೊಳ್ಳುವ ಹುಡುಗಿ ಇಲ್ಲಿಯ ತನಕ ಬರೆದದ್ದನ್ನು ಓದಿ ತಲೆ ಆಡಿಸಿದಳು. ಅವರು ಬರೆದಿಟ್ಟಿದ್ದರೆ ನೀವು ಬೆಂಕಿ ಹಾಕುತ್ತಿರಲಿಲ್ಲ ಅವ್ವ, ಬೆಂಕಿ ಹಾಕಿದಿರಿ ಅಂದರೆ ಅವರು ಬರೆದಿಡಲಿಲ್ಲ, ಕಳಿಸಿ ಏನು ಮಾಡುತ್ತೀರಿ ಅಂದಳು. ಹುಡುಗಿ ಕಲಿತವಳು, ಲೆಕ್ಕ ಸರಿಯೇ ಇರಬಹುದು. ಕಳಿಸವ್ವ ಅಂದೆ. ಪಾಂಡುರಂಗ ಇಂಥ ಲೆಕ್ಕ ಕೇಳಿ ನಡೆಯುವವನಲ್ಲ.

ಇಂದ್ರವ್ವ