ಭಾನು ಕೊರೆದ ಮಾವಿನ ಹಲಗೆಯನ್ನು ಹಿಂದಿರುಗಿಸಿ

ಗೋಡೆಗಳ ಮಾನ ಕಾಯಲೆಂದೇ ನೇಮಕಗೊಂಡಿರುವ ಮಾನ್ಯ ಅಧಿಕಾರಿಗಳೇ,

ಕಳೆದ ವಾರ ನಿಮ್ಮ ಸಿಬ್ಬಂದಿ ಗಡಿನಾಡಿನ ಸೂಳಗಿರಿಯ ಅಕ್ಕಯಮ್ಮನ ಮನೆಗೆ ನುಗ್ಗಿ, ಆಕೆಯ ಮಗಳು ಭಾನು ಚಿತ್ರ ಕೊರೆದಿದ್ದ ಮಾವಿನ ಹಲಗೆಯೊಂದನ್ನು ಜೀಪಿಗೆ ಹೇರಿಕೊಂಡು ಹೋದರು. ಅದರಿಂದ ಅಚ್ಚು ಹಾಕಿ ಅಂಟಿಸಿದ ಚಿತ್ರಗಳು ಸಾರ್ವಜನಿಕ ಗೋಡೆಗಳನ್ನು ವಿರೂಪಗೊಳಿಸಿದವಂತೆ. ಆಹಾ, ಎಂಥ ಸೌಂದರ್ಯಪ್ರಜ್ಞೆ! ಅದೇ ಗೋಡೆಗಳ ಮೇಲೆ ಪಕ್ಷಾತೀತವಾಗಿ ನಾಯಕರೆಲ್ಲ ಹಲ್ಲು ಕಿರಿದು ಕೈಮುಗಿದಿದ್ದಾರೆ. ಪಕ್ಕದಲ್ಲೇ ಮೂಲವ್ಯಾಧಿಯ ವೈದ್ಯ ತನ್ನ ಫೋನ್ ನಂಬರು ಬರೆಸಿದ್ದಾನೆ. ಅವರೆಲ್ಲ ಗೋಡೆಗೆ ಒಡವೆ, ಭಾನುವಿನ ಚಿತ್ರವೊಂದೇ ಕಳಂಕವೇ?

ಏನಿತ್ತು ಆ ಚಿತ್ರದಲ್ಲಿ? ಅಗಲವಾದ ರಸ್ತೆ, ಒಂದು ಲಾರಿ ಚಕ್ರ, ಮಗುಚಿ ಬಿದ್ದ ಊಟದ ಡಬ್ಬಿ, ಹೆಂಗಸಿನ ಒಂಟಿ ಚಪ್ಪಲಿ. ಆ ಚಪ್ಪಲಿ ಭಾನುವಿನದು. ಶಿಫ್ಟು ಮುಗಿದ ಮೇಲೆ ಕಾರ್ಖಾನೆಯ ವ್ಯಾನು ಹೆಂಗಸರನ್ನು ಹೆದ್ದಾರಿಯ ಆಚೆ ಬದಿಯಲ್ಲಿ ಇಳಿಸಿ ಹೋಗುತ್ತದೆ. ಈಚೆ ದಾಟಲು ಮೇಲ್ಸೇತುವೆಯಿಲ್ಲ, ದೀಪವಿಲ್ಲ. ಸೀರೆ ಎತ್ತಿ ಕಟ್ಟಿ, ದೇವರ ಹೆಸರು ಹೇಳಿ ಓಡಬೇಕು. ಹೋದ ವರ್ಷ ಹಾಗೆ ಓಡುವಾಗಲೇ ಲಾರಿ ಬಡಿದು ಅವಳ ಸೊಂಟ ಮುರಿಯಿತು. ಮೇಲ್ಸೇತುವೆ ಬೇಕೆಂದು ಹೆಂಗಸರು ನಿಮಗೆ ಮನವಿ ಕೊಟ್ಟರು, ಕಾದರು, ಮತ್ತೆ ಕೊಟ್ಟರು. ನಿಮ್ಮ ಮೌನಕ್ಕೆ ಎಷ್ಟು ಗಂಭೀರವಾದ ಕಂಠ, ಸ್ವಾಮಿ! ನಮ್ಮ ರಂಗದ ಮೇಲೆ ಅಂಥ ಮೌನವನ್ನು ಯಾವ ನಟನೂ ಅಷ್ಟು ಹೊತ್ತು ಹಿಡಿದು ನಿಂತದ್ದಿಲ್ಲ.

ಆಗ ನಾನು ಭಾನುವಿನ ಮನೆಗೆ ಹೋದೆ. ನಾಟಕದವನು ನಾನು, ಹುಟ್ಟಿದ್ದೇ ಪರದೆಯ ಹಿಂದೆ. ಭೀಮನ ಗದೆಯನ್ನೂ ದ್ರೌಪದಿಯ ಮುಡಿಯನ್ನೂ ಮರದಲ್ಲಿ ಕೊರೆದು ನಮ್ಮ ಕಂಪನಿಯ ಕರಪತ್ರಗಳಿಗೆ ಅಚ್ಚು ಹಾಕಿದ ಕೈ ಇದು. ಹಾಸಿಗೆ ಹಿಡಿದಿದ್ದ ಹುಡುಗಿಯ ಕೈಗೆ ಉಳಿ ಕೊಟ್ಟು, ನಡೆದದ್ದನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸೋಣ, ಯಾವ ಭಾಷೆಯಲ್ಲಿ ಬರೆಯೋಣ ತಾಯಿ ಎಂದೆ.

"ಅಕ್ಷರನೇ ಬ್ಯಾಡ ಮೇಷ್ಟ್ರೇ," ಎಂದಳು. "ಒಡಿಶಾದಿಂದ ಬಂದಿರೋ ಹುಡ್ಗೀರಿಗೆ ತಮಿಳು ಬರಾಕಿಲ್ಲ, ತೆಲುಗಿನೋರಿಗೆ ಕನ್ನಡ ಬರಾಕಿಲ್ಲ, ನಮ್ಮವ್ವಂಗೆ ಯಾವ್ದೂ ಬರಾಕಿಲ್ಲ. ಲಾರಿ ಚಕ್ರ ಎಲ್ಲಾರ್ಗೂ ಗೊತ್ತೈತಲ್ಲ?"

ಅಚ್ಚಿನ ಯಂತ್ರ ನಮಗೆಲ್ಲಿಯದು? ಹಲಗೆಗೆ ಮಸಿ ಬಳಿದು ಕಾಗದ ಹಾಸಿದ ಮೇಲೆ, ಮುದ್ದೆ ತಿರುವುವ ಕೋಲಿನಿಂದ ಅಕ್ಕಯಮ್ಮ ಅದನ್ನು ಒತ್ತಿ ಉಜ್ಜಿದಳು. ಕೈ ಹಾಕಹೋದ ನನ್ನನ್ನು, "ಅತ್ಲಾಗೆ ಸರ್ಕೊಳಿ ಮೇಷ್ಟ್ರೇ, ತಗಡಿನ ಗದೆ ಎತ್ತಿದ ಕೈಗೆ ಇದು ಬಗ್ಗಾಕಿಲ್ಲ" ಎಂದು ದಬ್ಬಿದಳು. ನಿಮ್ಮ ಶೂರರು ಆ ಕೋಲನ್ನೂ ಬಿಡಲಿಲ್ಲ. ಅಪರಾಧಕ್ಕೆ ಬಳಸಿದ ಸಾಧನವಂತೆ! ನಾಳೆ ರಾಗಿ ಹಿಟ್ಟಿಗೂ ಕೈಕೋಳ ತೊಡಿಸುವಿರೋ?

ನಿಮಗೆ ಮುಂಚೆಯೂ ದೊಡ್ಡ ದೊಡ್ಡ ಕುರ್ಚಿಗಳು ಇದಕ್ಕೆ ಹೆದರಿವೆ. ಮೆಕ್ಸಿಕೋದಲ್ಲಿ ರೈತರ ಪರವಾಗಿ ಹೀಗೆಯೇ ಚಿತ್ರ ಕೊರೆದು ಬೀದಿಗೆ ಅಂಟಿಸಿದರು. ಚೀನಾದಲ್ಲಿ ಮರ ಕೊರೆದ ಹುಡುಗರು ಜೈಲು ಕಂಡರು. ಬಂಗಾಳ ಹಸಿದು ಸತ್ತಾಗ ಆ ಹಸಿವನ್ನು ಚಿತ್ರಿಸಿ ಅಚ್ಚು ಮಾಡಿದ ಪುಸ್ತಕವನ್ನು ಬಿಳಿಯರ ಸರ್ಕಾರ ಸುಟ್ಟುಹಾಕಿತು. ಸೂಳಗಿರಿಯ ಹೆಂಗಸರಿಗೆ ಈ ಚರಿತ್ರೆಯೇನೂ ಗೊತ್ತಿಲ್ಲ. ಆದರೂ ಅದೇ ದಾರಿ ಹಿಡಿದರು. ಓದು ಬಾರದವರಿಗೂ ಕಣ್ಣಿದೆ, ಕಿವಿ ಕೊಡದವರ ಊರಲ್ಲೂ ಗೋಡೆಯಿದೆ.

ಹಲಗೆ ಕೇಳಲು ಭಾನು ಕೋಲೂರಿಕೊಂಡು ನಿಮ್ಮ ಕಚೇರಿಗೆ ಬಂದಳು. ಜೊತೆಗೆ ನಾನೂ ಇದ್ದೆ. ತಾವು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಂದಕ್ಷರನೂ ಇಲ್ವಲ್ಲಮ್ಮ, ಯಾರಿಗಿದು ಸಂಕೇತ? ನಿನ್ನ ಹಿಂದೆ ಯಾರಿದಾರೆ?" ಎಂದು ಗದರಿದಿರಿ.

"ನನ್ನ ಹಿಂದೆ ಯಾರೂ ಇರ್ಲಿಲ್ಲ ಸಾರ್," ಎಂದಳು ಅವಳು. "ಲಾರಿ ಇತ್ತು."

ಕಚೇರಿಯ ಗುಮಾಸ್ತರೂ ತಲೆ ತಗ್ಗಿಸಿದರು. ತಾವು ಮಾತ್ರ ಗಂಟೆ ಒತ್ತಿ ಕಾಫಿ ತರಿಸಿಕೊಂಡಿರಿ. ಮುಂದಿನ ವಾರ ಹಲಗೆಯನ್ನು ಸೌದೆಯೊಂದಿಗೆ ಹರಾಜು ಹಾಕುತ್ತೀರೆಂದೂ ತಿಳಿಸಿದಿರಿ. ಒಲೆಗೆ ಹೋಗುವುದು ಮರವಲ್ಲ ಸ್ವಾಮಿ, ಒಬ್ಬ ಹೆಣ್ಣುಮಗಳು ನೋವಿನಲ್ಲಿ ಮಲಗಿ ಕೊರೆದ ಸಾಕ್ಷಿ!

ಆದ್ದರಿಂದ ಇದು ನಮ್ಮ ಒತ್ತಾಯ. ಹರಾಜು ನಿಲ್ಲಿಸಿ ಹಲಗೆಯನ್ನೂ ಮುದ್ದೆಯ ಕೋಲನ್ನೂ ಹಿಂದಿರುಗಿಸಿ. ಮೇಲ್ಸೇತುವೆಗೆ ಲಿಖಿತ ಆದೇಶ ಹೊರಡಿಸಿ. ಅದು ನಿಮ್ಮ ಅಧಿಕಾರದಲ್ಲಿ ಇಲ್ಲವೆಂದರೆ, ಜೀಪು ಬಿಟ್ಟು ಇಳಿದು, ಒಂದು ಸಂಜೆ ಆ ಹೆಂಗಸರ ಜೊತೆ ರಸ್ತೆ ದಾಟಿ, ಅಧಿಕಾರ ಇರುವವರಿಗೆ ನೀವೇ ಬರೆಯಿರಿ.

ಭಾನು ಈಗಾಗಲೇ ಇನ್ನೊಂದು ಹಲಗೆ ಹಿಡಿದಿದ್ದಾಳೆ. ರಸ್ತೆಯನ್ನೂ, ಅಂಚಿನಲ್ಲಿ ನಿಂತ ಹೆಂಗಸರನ್ನೂ ಕೊರೆದು ಮುಗಿಸಿದ್ದಾಳೆ. ಅವರ ತಲೆಯ ಮೇಲಿನ ಜಾಗವನ್ನು ಮಾತ್ರ ಮುಟ್ಟಿಲ್ಲ. ಮರದಚ್ಚಿನ ನಿಯಮ ಸರಳ: ಕೊರೆದದ್ದು ಬೆಳ್ಳಗೆ ಮೂಡುತ್ತದೆ, ಕೊರೆಯದೆ ಬಿಟ್ಟದ್ದು ಕಪ್ಪಗೆ. ನಿಮ್ಮ ಆದೇಶ ಬಂದರೆ ಅಲ್ಲಿ ಸೇತುವೆಯ ಮೆಟ್ಟಿಲು ಕೊರೆಯುತ್ತಾಳೆ. ಬಾರದಿದ್ದರೆ ಹಾಗೆಯೇ ಅಚ್ಚು ಹಾಕುತ್ತೇವೆ.

ಇಂತಿ,
ಮೈಕಿಲ್ಲದೆ ಕಡೇ ಸಾಲಿಗೆ ಕೇಳುವಂತೆ ಕೂಗಬಲ್ಲ, ಆದರೆ ನಿಮ್ಮ ಮೇಜಿನಾಚೆಗೆ ಮಾತ್ರ ಕೇಳಿಸಲಾರದೆ ಸೋತ,
ನಾಟಕದ ಮೇಷ್ಟ್ರು ಸೊಣ್ಣಪ್ಪ
ಮತ್ತಿಗಿರಿ