ಅಕಾಲಕ್ಕೆ ತೆಗೆದ ಅಲಾಯಿ ಕುಣಿ

ಹಿರೇಮರಡಿ, ಕೃಷ್ಣಾ ದಂಡೆ
ಬಿಸಿಲಬಂದಿನ ನಲವತ್ತೊಂದನೆಯ ದಿನ, ೨೦೮೯

ಅರವತ್ತು ವರ್ಷ ಹಿಂದೆ ಇರುವ ಹಿರಿಯರಿಗೆ,

ಹುಸೇನಪ್ಪನ ನಮಸ್ಕಾರ. ಈ ತಾರೀಖು ನೋಡಿ ನಿಮಗೆ ನಗು ಬರಬಹುದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ಕಾಲಕ್ಕೆ ಅವು ಉಪ್ಪು, ಬೆಂಕಿಪೊಟ್ಟಣದಷ್ಟೇ ಸಾದಾ ಮಾತುಗಳು. ತಿಳಿಯದ ಕಡೆ ನಿಂತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹತ್ತನೇ ತರಗತಿಯವರೆಗೆ ಓದಿದವನು ನಾನು. ಕೂತು ಬರೆಯುವುದು ನನ್ನ ಜಾಯಮಾನವಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಚಿಮಣಿ ನೋಡಿ ಬಂದೆ. ಹೊಗೆ ಬರುತ್ತಲೇ ಇದೆ.

ಬಿಸಿಲಬಂದು ಅಂದರೆ ಕಾಮದಹನದಿಂದ ಮೊದಲ ಮಳೆಯವರೆಗಿನ ದಿನಗಳು. ಆಗ ಬೆಳಿಗ್ಗೆ ಹತ್ತಕ್ಕೆ ಪಂಚಾಯಿತಿ ಸೈರನ್ ಕೂಗುತ್ತದೆ. ಸಂಜೆ ಐದರವರೆಗೆ ಯಾರೂ ಹೊರಗೆ ಇರುವಂತಿಲ್ಲ. ಹೊಲದ ಕೆಲಸ, ಸಂತೆ, ಶಾಲೆ ಎಲ್ಲ ಸೈರನ್ನಿಗೆ ಮುಂಚೆಯೇ ಮುಗಿಯಬೇಕು. ಸೈರನ್ ಕೂಗಿದ ಮೇಲೆ ಮುದುಕರು, ಬಸುರಿಯರು, ಹಾಲು ಕುಡಿಯುವ ಕೂಸುಗಳು ತಂಪುಮನೆಗೆ ಬರುತ್ತಾರೆ. ತಂಪುಮನೆ ಅಂದರೆ ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ ಊರೊಟ್ಟಿನ ಮನೆ. ಒಳಗೆ ಸುತ್ತಲೂ ಗೋಣಿತಟ್ಟಿನ ಪರದೆಗಳು, ಮೇಲಿನ ನಳಿಕೆಯಿಂದ ಅವುಗಳ ಮೇಲೆ ಹನಿ ಹನಿ ನೀರು. ತಟ್ಟು ಹಸಿಯಾಗಿದ್ದರೆ ಒಳಗೆ ಬದುಕಬಹುದು. ಒಣಗಿದರೆ ಅದು ಒಲೆ.

ಆ ನೀರು ನೋಡಿಕೊಳ್ಳುವ ನೀರಗಂಟಿ ನಮ್ಮ ದೊಡ್ಡವ್ವ ಅಂಬ್ರವ್ವ. ನಮ್ಮವ್ವನ ಅಕ್ಕ, ವಯಸ್ಸು ಎಪ್ಪತ್ತೊಂದು. ಟಾಕಿಗೆ ಕೋಲು ಇಳಿಸಿ ನೀರು ಎಷ್ಟಿದೆ ಅಂತ ಬೆರಳಲ್ಲಿ ಅಳೆಯುತ್ತಾಳೆ. ತಂಪುಮನೆಯಲ್ಲಿ ಯಾರಾದರೂ ಸುಮ್ಮನೆ ಕೈ ತೊಳೆದರೆ, "ಯಾಕವಾ, ನಿನ್ನ ಕೈಗೆ ಸೀರಿ ಉಡಸ್ಲೇನು? ಮದುಮಗಳಿಗೆ ಎರದಂಗ ತೊಳಿಯಾಕ ಹತ್ತೀಯಲ್ಲ," ಅನ್ನುತ್ತಾಳೆ. ನಾನು ಕೆಲಸ ಮಾಡುವುದು ಊರ ಪಕ್ಕದ ಕಲ್ಲಿದ್ದಲ ಕರೆಂಟು ಕಾರ್ಖಾನೆಯ ಬೂದಿಕೆರೆಯಲ್ಲಿ. ಅಂದರೆ ಒಂದೇ ಹೊಳೆಯ ನೀರನ್ನು ನಮ್ಮ ಮನೆಯಲ್ಲಿ ಒಬ್ಬರು ಹನಿ ಲೆಕ್ಕದಲ್ಲಿ ಉಳಿಸುತ್ತಿದ್ದರು, ಇನ್ನೊಬ್ಬನು ಬೂದಿಯ ಮೇಲೆ ಸುರಿಯುತ್ತಿದ್ದನು.

ಆ ಕಾರ್ಖಾನೆಯ ಕರೆಂಟು ಈಗ ಯಾರಿಗೂ ಬೇಕಾಗಿಲ್ಲ. ಪ್ರತಿ ಮನೆಯ ಮಾಳಿಗೆಯ ಮೇಲೂ, ಕಾಲುವೆಯ ಉದ್ದಕ್ಕೂ ಕರೆಂಟು ಕೊಡುವ ಬಿಸಿಲುಹಲಗೆಗಳಿವೆ. ಹಾಗಾದರೆ ಯಾಕೆ ಓಡುತ್ತದೆ ಅಂತ ನೀವು ಕೇಳಬಹುದು. ನಾನೂ ಮೊದಲ ದಿನವೇ ಕೇಳಿದ್ದೆ. ಮೇಸ್ತ್ರಿ ನಕ್ಕು, "ಅದು ಕಾಗದದ ಮ್ಯಾಲ ಓಡ್ತದಲೇ, ಇದ್ದಲ ನೆಪಕ್ಕ ಹಾಕ್ತೀವಿ," ಅಂದಿದ್ದ.

ಆ ಕಾಗದ ನಿಮ್ಮ ಕಡೆಯಿಂದ ಬಂದದ್ದು. ನಿಮ್ಮ ಕಾಲಕ್ಕಿಂತ ಸ್ವಲ್ಪ ಮುಂದೆ, ೨೦೩೪ರಲ್ಲಿ, ನಮ್ಮ ದೇಶ ಇನ್ನೊಂದು ದೇಶದ ಜೊತೆ ಬಂಡವಾಳದ ಒಪ್ಪಂದ ಮಾಡಿಕೊಂಡಿತು. ಆ ದೇಶದ ಕಂಪನಿ ಇಲ್ಲಿ ದುಡ್ಡು ಹಾಕಿದ ಮೇಲೆ ನಮ್ಮ ಸರ್ಕಾರದ ಹೊಸ ಕಾನೂನಿನಿಂದ ತನಗೆ ಅನ್ಯಾಯ ಆಯಿತು ಅನ್ನಿಸಿದರೆ ಅದು ನಮ್ಮ ಕೋರ್ಟಿಗೆ ಬರಬೇಕಾಗಿಲ್ಲ. ದೂರದ ಊರಿನಲ್ಲಿ ಮೂವರು ಪಂಚರ ಮುಂದೆ ಸರ್ಕಾರವನ್ನೇ ತಂದು ನಿಲ್ಲಿಸಬಹುದು. ಮುಂದೆ ಬರಬೇಕಿದ್ದ ವರ್ಷಗಳ ಲಾಭವನ್ನೂ ಕೇಳಬಹುದು. ಆ ಹೆದರಿಕೆಗೆ ಬೇಡದ ಕರೆಂಟಿಗೂ ಸರ್ಕಾರ ದುಡ್ಡು ಕೊಡುತ್ತಲೇ ಇದೆ. ಕಂಪನಿ ಸರ್ಕಾರವನ್ನು ಅಲ್ಲಿಗೆ ಎಳೆಯಬಹುದು, ನಮ್ಮಂಥ ಊರು ಕಂಪನಿಯನ್ನು ಎಳೆಯುವ ಹಾಗಿಲ್ಲ. ೨೦೭೧ರಲ್ಲಿ ದೇಶ ಆ ಒಪ್ಪಂದ ಬಿಟ್ಟಿತು. ಅಪ್ಪ ಪೇಡೆ ಹಂಚಿದ್ದನಂತೆ. ಆದರೆ ಅದರ ಕೊನೆಯ ಪುಟದಲ್ಲಿ ನಾವು ಬಾಲದ ಕಲಮು ಅಂತ ಕರೆಯುವ ಒಂದು ಮಾತಿತ್ತು. ಒಪ್ಪಂದ ಸತ್ತರೂ, ಅದಕ್ಕಿಂತ ಮುಂಚೆ ಬಂದ ಕಂಪನಿಗಳಿಗೆ ಅದು ಇನ್ನೂ ಇಪ್ಪತ್ತು ವರ್ಷ ಜೀವಂತ. ಹಾವು ಹೊಡೆದು ಬೇಲಿಗೆ ಎಸೆದ ಮೇಲೆಯೂ ಬಾಲ ಆಡುತ್ತದಲ್ಲ, ಹಾಗೆ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹೊಳೆ ಸೊರಗಿತು. ಕಾರ್ಖಾನೆಯ ಪಂಪು ನಮ್ಮೂರಿನ ಪಂಪಿಗಿಂತ ಮೇಲುಗಡೆ ಇದೆ. ಮೂರು ದಿನ ನಮ್ಮ ಟಾಕಿಗೆ ನೀರು ಬರಲಿಲ್ಲ. ತಂಪುಮನೆಯ ತಟ್ಟು ಒಣಗಿತು. ಹನ್ನೊಂದು ಜನ ತೀರಿಕೊಂಡರು. ಅವರಲ್ಲಿ ನಾಲ್ವರನ್ನು ಹೊರಗೆ ಹೊತ್ತು ತಂದವನು ನಾನೇ.

ಅದಾದ ಮೇಲೆ ಗ್ರಾಮಸಭೆ ಕೂಡಿತು. ದೊಡ್ಡವ್ವ ಎದ್ದು ನಿಂತು ಒಂದೇ ಮಾತು ಹೇಳಿದಳು: "ನಾ ಕಂಪನಿ ಮುಚ್ಚರಿ ಅನ್ನಾಂಗಿಲ್ಲ. ಬಿಸಿಲಬಂದಿನ್ಯಾಗ ನೀರು ಮೊದಲ ಮನಶ್ಯಾಗ, ಆಮ್ಯಾಲ ಚಿಮಣಿಗ. ಇಷ್ಟ ಬರ್ಕೊಳ್ರಿ." ಅಷ್ಟೇ ಬರೆದುಕೊಂಡರು. ಆ ಮೂರು ತಿಂಗಳು ಕಾರ್ಖಾನೆ ನಿಲ್ಲಬೇಕು ಅಂತ ಠರಾವು ಆಯಿತು. ಜಿಲ್ಲೆ ಒಪ್ಪಿತು, ರಾಜ್ಯ ಆದೇಶ ಹೊರಡಿಸಿತು. ಇಡೀ ರಾಜ್ಯದ ಚಿಮಣಿಗಳಿಗೆ ಇದೇ ಕಾಯ್ದೆ ತರುತ್ತೇವೆ ಅಂತ ಮಂತ್ರಿಗಳು ಹೇಳಿದರು. ಹೊಳೆದಂಡೆಯ ಮೂವತ್ತು ಊರುಗಳು ನಮ್ಮ ಠರಾವಿನ ನಕಲು ಒಯ್ದವು.

ಇನ್ನು ನನ್ನ ತಪ್ಪು.

ಕಳೆದ ವರ್ಷ ಕಾಮದಹನದ ಮರುದಿನ ಚಿಮಣಿ ನಿಂತಿತು. ಹುಟ್ಟಿದಾಗಿನಿಂದ ಅದು ನಿಂತದ್ದನ್ನು ನಾನು ನೋಡಿರಲಿಲ್ಲ. ಹರೆಯದವರಿಗೆಲ್ಲ ಹುಚ್ಚು ಹಿಡಿದಂತಾಯಿತು. ಏನಾದರೂ ಮಾಡಲೇಬೇಕು ಅನ್ನಿಸಿತು. ನಮ್ಮ ಕಡೆ ಬೆಂಕಿ ಮುಗಿಸುವುದು ಅಂದರೆ ನೆನಪಿಗೆ ಬರುವುದು ಅಲಾಯಿ ಕುಣಿಯೇ. ಮೊಹರಮ್ಮಿನಲ್ಲಿ ಊರ ನಡುವೆ ಕುಣಿ ತೆಗೆದು ಬೆಂಕಿ ಹಾಕಿ, ಎಲ್ಲ ಜಾತಿಯವರೂ ಸುತ್ತ ಹೆಜ್ಜೆ ಹಾಕಿ, ದೇವರು ಹೊಳೆಗೆ ಹೋದ ಮೇಲೆ ಮಣ್ಣು ಎಳೆದು ಮುಚ್ಚುತ್ತೇವೆ. ನಾವೂ ಕಾರ್ಖಾನೆಯ ಗೇಟಿನ ಮುಂದೆ ಒಂದು ಕುಣಿ ತೆಗೆದೆವು. ನಾನು ಕಾರ್ಖಾನೆಯ ಅಂಗಳದಿಂದ ಒಂದು ಬುಟ್ಟಿ ಇದ್ದಲು ತಂದೆ, ಯಾರನ್ನೂ ಕೇಳಲಿಲ್ಲ. ಅಲಾಯಿ ದೇವರ ಪೂಜೆ ಮಾಡುವ ಖಾಸಿಂ ತಾತ ಕೋಲೂರಿಕೊಂಡು ಬಂದು ನೋಡಿದ.

"ಮೊಹರಮ್ ಇನ್ನಾ ದೂರ ಅದ. ಅಕಾಲಕ್ಕ ಕುಣಿ ತೆಗಿಬಾರ್ದಪಾ."

"ತಾತ, ಇದು ದೇವರ ಕುಣಿ ಅಲ್ಲ. ಕಂಪನಿ ಕುಣಿ."

"ಕುಣಿಗೇನು ಗೊತ್ತಲೇ ಯಾರದಂತ? ಮುಚ್ಚಿದ ಕುಣೀನ ಮುಂದಿನ ವರ್ಷ ಮತ್ತ ತೆಗೀತೀವಿ. ಬೆಂಕಿ ಸಾಯಾಂಗಿಲ್ಲ, ಮಣ್ಣಾಗ ಕುಂತಿರ್ತದ. ನಿನಗ ಸಾಯ್ಸೋದು ಬೇಕಾಗಿದ್ರ ನೀರು ಹಾಕಬೇಕಿತ್ತು."

"ನೀರೆಲ್ಲಿ ಅದ ತಾತ? ನಮ್ಮ ಅಂಬ್ರವ್ವಗ ಕೇಳು," ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ತಾತ ತಲೆಯಾಡಿಸಿ ಹೋದ. ನಾವು ಹಲಗೆ ಬಡಿದು ಹೆಜ್ಜೆ ಹಾಕಿ ಕುಣಿ ಮುಚ್ಚಿದೆವು. ಗೆಳೆಯನೊಬ್ಬ ಫೋನು ಹಿಡಿದಿದ್ದ. ನಾನು ಒಂದು ಬೊಗಸೆ ಮಣ್ಣು ಎತ್ತಿ ಫೋನಿನ ಮುಂದೆ ನಿಂತು ಹೇಳಿದೆ: "ಇದು ನೀರಿಗಾಗಿ ಅಲ್ಲ. ನಿಮ್ಮ ಸೊಕ್ಕಿಗೆ ಹಾಕಿದ ಮಣ್ಣು ಇದು."

ಆ ಮಾತಿಗೆ ಅಲ್ಲಿ ಶಿಳ್ಳೆ ಬಿದ್ದವು. ವಾರದೊಳಗೆ ಅರ್ಧ ಜಗತ್ತು ನೋಡಿತು. ಆ ಬೇಸಿಗೆ ತಂಪುಮನೆಯ ತಟ್ಟು ಒಂದು ದಿನವೂ ಒಣಗಲಿಲ್ಲ, ಒಬ್ಬರೂ ಸಾಯಲಿಲ್ಲ. ನನ್ನಿಂದಲೇ ಆಯಿತು ಅನ್ನುವ ಹಾಗೆ ನಾನು ಊರಲ್ಲಿ ಎದೆ ಉಬ್ಬಿಸಿ ಅಡ್ಡಾಡಿದೆ.

ಮಳೆ ಶುರುವಾದಾಗ ನೋಟೀಸು ಬಂತು. ನಮ್ಮ ಮೇಲಲ್ಲ, ದೇಶದ ಮೇಲೆ. ಬಾಲದ ಕಲಮು ಹಿಡಿದು ಕಂಪನಿ ಮೂವರು ಪಂಚರ ಕಡೆ ಹೋಗಿತ್ತು. ಸರ್ಕಾರದ ವಕೀಲರು ಪಂಚಾಯಿತಿಗೆ ಬಂದು ನಮಗೆ ತಿಳಿಸಿ ಹೇಳಿದರು: ಜನರ ಜೀವಕ್ಕಾಗಿ, ಪಕ್ಷಪಾತ ಇಲ್ಲದೆ ಮಾಡಿದ ಆದೇಶ ಅಂತ ತೋರಿಸಿದರೆ ನಾವು ಉಳಿಯಬಹುದು; ದ್ವೇಷಕ್ಕೆ ಮಾಡಿದ್ದು ಅಂತ ಕಂಪನಿ ತೋರಿಸಿದರೆ ಕಷ್ಟ. ನಮ್ಮ ವಕೀಲರ ಹತ್ತಿರ ಹನ್ನೊಂದು ಜನರ ಸಾವಿನ ದಾಖಲೆ ಇತ್ತು, ಹೊಳೆಯ ಅಳತೆ ಇತ್ತು, ದೊಡ್ಡವ್ವನ ಠರಾವು ಇತ್ತು. ಎಲ್ಲ ಗಟ್ಟಿಯಾಗಿದೆ ಅಂದರು.

ವಿಚಾರಣೆಯ ದಿನ ಪಂಚಾಯಿತಿಯ ಪರದೆಯಲ್ಲಿ ಆ ದೂರದ ಕೋಣೆ ಕಂಡಿತು. ನನ್ನನ್ನು ಕರೆದರು. ಕಂಪನಿಯ ವಕೀಲ ಬಹಳ ಮರ್ಯಾದೆಯ ಮನುಷ್ಯ. ಅವನು ಅಲ್ಲಿ ಅವನ ಭಾಷೆಯಲ್ಲಿ ಕೇಳಿದ್ದು ನನ್ನ ಕಿವಿಗೆ ಕನ್ನಡವಾಗಿ ಬರುತ್ತಿತ್ತು.

"ಬುಟ್ಟಿಯಲ್ಲಿ ಇದ್ದದ್ದು ಯಾರ ಇದ್ದಲು?"

"ಕಂಪನಿದು ಸಾಹೇಬ್ರ. ಒಂದ ಬುಟ್ಟಿ."

"ಅನುಮತಿ ಇತ್ತೇ?"

"ಇಲ್ರಿ."

ಆಮೇಲೆ ವಿಡಿಯೋ ಹಾಕಿದರು. ನನ್ನ ಮುಖ, ನನ್ನ ಬೊಗಸೆ, ನನ್ನ ಮಾತು. ಮೂರು ಸಲ ಹಾಕಿದರು. "ಇದು ನೀರಿಗಾಗಿ ಅಲ್ಲ, ಎಂದು ಹೇಳಿದವರು ನೀವೇ ತಾನೇ?" ಅಂತ ಕೇಳಿದ. ನಾನು ಹೌದು ಅಂದೆ. ಅದು ಸಿಟ್ಟಿನ ಮಾತು, ಖುಷಿಯ ಮಾತು, ನೀರಿಗಾಗಿಯೇ ಅಂತ ನಿಮಗೂ ಗೊತ್ತು ಅಂತೆಲ್ಲ ಹೇಳಲು ಬಾಯಿ ತೆರೆದೆ. ಅವನು "ಧನ್ಯವಾದ, ಇಷ್ಟೇ," ಅಂದ. ನಾನು ಹೊತ್ತು ತಂದ ನಾಲ್ಕು ಹೆಣದ ಬಗ್ಗೆ ಅವನು ಕೇಳಲೇ ಇಲ್ಲ. ನಮ್ಮ ವಕೀಲರು ಕೇಳಿದರು, ನಾನು ಹೇಳಿದೆ. ಹೇಳುವಾಗ ಪಂಚರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಕಂಡಿತು. ಪರದೆ ಹೋಯಿತು.

ಮೂವರು ಏನು ಹೇಳುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅವರು ಹೇಳುವವರೆಗೆ ಸರ್ಕಾರ ಕಾಯಲಿಲ್ಲ. ಸೋತರೆ ಕೊಡಬೇಕಾದದ್ದು ಇಡೀ ರಾಜ್ಯದ ಆಸ್ಪತ್ರೆಗಳ ಒಂದು ವರ್ಷದ ಖರ್ಚಿಗಿಂತ ಹೆಚ್ಚಂತೆ. ಆ ವಿಡಿಯೋ ನೋಡಿದ ಮೇಲೆ ಧೈರ್ಯ ಸಾಲಲಿಲ್ಲ ಅಂತ ನಮ್ಮ ವಕೀಲರೇ ಹೇಳಿದರು. ರಾಜಿಯಾಯಿತು. ಕಂಪನಿ ಕೇಸು ಹಿಂದಕ್ಕೆ ತೆಗೆದುಕೊಂಡಿತು. ಸರ್ಕಾರ ಬಿಸಿಲಬಂದಿನ ಆದೇಶ ಹಿಂದಕ್ಕೆ ತೆಗೆದುಕೊಂಡು, ಬಾಲ ಸತ್ತ ಮೇಲೂ ಇನ್ನು ಹದಿನೈದು ವರ್ಷ ಕಾರ್ಖಾನೆ ಓಡಬಹುದು ಅಂತ ಬರೆದುಕೊಟ್ಟಿತು. ರಾಜ್ಯದ ಕಾಯ್ದೆಯ ಕಡತ ಮತ್ತೆ ಮೇಜಿನ ಮೇಲೆ ಬರಲಿಲ್ಲ. ಮೂವತ್ತು ಊರುಗಳ ಠರಾವುಗಳು ಆಯಾ ಊರುಗಳಲ್ಲೇ ಉಳಿದವು. ಯಾರೂ ನಿಷೇಧಿಸಲಿಲ್ಲ. ಹೆದರಿಕೆ ಸಾಕಾಯಿತು.

ಸುದ್ದಿ ಬಂದ ದಿನ ನಾನು ದೊಡ್ಡವ್ವನಿಗೆ ಮುಖ ತೋರಿಸದೆ ಬೂದಿಕೆರೆಯ ಏರಿಯ ಮೇಲೆ ಕೂತಿದ್ದೆ. ಅವಳೇ ಹುಡುಕಿಕೊಂಡು ಬಂದಳು.

"ಬೈದ್ಬಿಡು ದೊಡ್ಡವ್ವ," ಅಂದೆ.

"ಬೈದ್ರ ಟಾಕಿ ತುಂಬ್ತದೇನು? ತುಂಬಂಗಿದ್ರ ಹೇಳು, ಸಂಜೀತನಕ ಬೈತೀನಿ." ಏರಿಯ ಮೇಲೆ ನನ್ನ ಪಕ್ಕ ಕೂತಳು. "ಲೇ ಹುಸೇನಿ, ಒಂದ ಮಾತಿಗೆ ಬೀಳೋ ಗ್ವಾಡಿ ಮೊದಲ ಗಟ್ಟಿ ಇರಂಗಿಲ್ಲ. ಆ ಕಾಗದದಾಗ ನೀರಿಂದು ಒಂದ ಸಾಲ ಇದ್ದಿದ್ರ ನಿನ್ನ ಬಾಯಿ ಯಾರ್ ಕೇಳ್ತಿದ್ರು? ಬರದವ್ರಿಗೆ ಯಾರೂ ಹೇಳ್ಲಿಲ್ಲ. ನೀ ಹೇಳು."

"ಅವ್ರು ಸತ್ತು ಎಷ್ಟ ವರ್ಷ ಆತು."

"ಸಾಯೋಕಿಂತ ಮೊದ್ಲ ಹೇಳು."

ಅದಕ್ಕೇ ಈ ಕಾಗದ. ಹೇಗೆ ಮುಟ್ಟುತ್ತದೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.

ಈ ಬೇಸಿಗೆ ಟಾಕಿಗೆ ಅರ್ಧ ನೀರು ಬರುತ್ತಿದೆ. ಅರ್ಧ ನೀರಿಗೆ ಅರ್ಧ ತಟ್ಟು ಮಾತ್ರ ನೆನೆಯುತ್ತದೆ. ದೊಡ್ಡವ್ವ ತಂಪುಮನೆಯ ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಾಳೆ. ಗೆರೆಯ ಆಚೆ ಹಸಿ ತಟ್ಟು, ಅಲ್ಲಿ ಬಸುರಿಯರು, ಕೂಸುಗಳು, ಎದೆರೋಗದವರು, ಖಾಸಿಂ ತಾತ. ಈಚೆ ಒಣ ತಟ್ಟು, ಅಲ್ಲಿ ಗಟ್ಟಿ ಇದ್ದವರು. ಅವಳು ಕೂರುವುದು ಈಚೆಗೆ, ಬಾಗಿಲ ಬಳಿ. ನೀರಗಂಟಿ ಟಾಕಿಯ ಹತ್ತಿರ ಇರಬೇಕು ಅನ್ನುತ್ತಾಳೆ. ಎಪ್ಪತ್ತೊಂದು ವರ್ಷದವಳು ಆಚೆ ಇರಬೇಕು ಅಂತ ನಾನು ಎರಡು ದಿನ ಜಗಳ ಮಾಡಿದೆ. ಒಮ್ಮೆ ಎತ್ತಿಕೊಂಡೇ ಹೋದೆ. ನಾನು ತಿರುಗುವುದರೊಳಗೆ ಎದ್ದು ಬಂದು ಕೂತಿದ್ದಳು. "ನನ್ನ ಜಾಗಾದಾಗ ಆ ಬಾಣಂತಿ ಕುಂತಾಳ. ಎಬ್ಬಿಸ್ತೀಯೇನು?" ಅಂದಳು. ನಿನ್ನೆ ಕೋಲು ಹಿಡಿದು ಟಾಕಿ ಅಳೆಯುವಾಗ ಅವಳ ಕಣ್ಣಿಗೆ ಕತ್ತಲೆ ಕವಿಯಿತು. ಗೋಡೆ ಹಿಡಿದು ನಿಂತು, ಏನೂ ಆಗಿಲ್ಲ ಅಂದಳು. ಬಿಸಿಲಬಂದು ಇನ್ನೂ ಐವತ್ತು ದಿನ ಇದೆ. ನಾನು ಬರೆಯುತ್ತಿರುವುದು ತಂಪುಮನೆಯ ಮೆಟ್ಟಿಲ ಮೇಲೆ, ಅವಳು ಕಾಣುವ ಹಾಗೆ ಕೂತು. ಅವಳು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಪೆನ್ನು ಬಿಟ್ಟು ಇಳಿದು ಹೋಗುತ್ತೇನೆ. ಹಾಗಾಗಿ ಸಾಲುಗಳು ಅಲ್ಲಲ್ಲಿ ತುಂಡಾಗಿವೆ, ಕ್ಷಮಿಸಿ.

ನೀವು ಇನ್ನೂ ಸಹಿಗೆ ಮುಂಚೆ ಇದ್ದೀರಿ. ಹೊರದೇಶದ ಜೊತೆ ವ್ಯವಹಾರ ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಫೋನು, ಖಾಸಿಂ ತಾತನ ಎದೆಯ ಮಾತ್ರೆ ಹೊರಗಿನಿಂದಲೇ ಬರುತ್ತವೆ. ಕೇಳುವುದು ಇಷ್ಟು. ಅಂಥ ಕಾಗದ ನಿಮ್ಮ ಮುಂದೆ ಬಂದರೆ ಕೊನೆಯ ಪುಟದಿಂದ ಓದಲು ಶುರು ಮಾಡಿ. ಬಾಲ ಎಷ್ಟು ಉದ್ದ ಅಂತ ಕೇಳಿ. ಜನರ ನೀರಿಗಾಗಿ, ಬಿಸಿಲಿಗಾಗಿ ಮಾಡಿದ ಕಾನೂನನ್ನು ಯಾವ ಪಂಚರ ಮುಂದೆಯೂ ಎಳೆಯುವಂತಿಲ್ಲ ಅಂತ ಒಂದು ಸಾಲು ಸೇರಿಸಿ. ನಿಮ್ಮ ಕೈಯಲ್ಲಿ ಸಹಿಯ ಅಧಿಕಾರ ಇಲ್ಲದಿರಬಹುದು. ನನ್ನ ಕೈಯಲ್ಲೂ ಇರಲಿಲ್ಲ. ಆದರೂ ನಾನು ಬಾಯಿ ತೆರೆದು ಒಂದು ಮಾತಾಡಿದ್ದಕ್ಕೆ ಇಷ್ಟಾಯಿತು. ನೀವೂ ಅಧಿಕಾರ ಇರುವವರ ಮುಂದೆ ಬಾಯಿ ತೆರೆಯಿರಿ. ಆದರೆ ಕಂಪನಿಯ ಸೊಕ್ಕಿನ ಮಾತು ಬೇಡ, ಶಿಳ್ಳೆ ಬೇಡ. ನೀರಿಗಾಗಿ ಅಂತ ಹೇಳಿ. ಮೂರು ಸಲ ಕೇಳಿದರೂ ಅದನ್ನೇ ಹೇಳಿ.

ಆ ಸಾಲು ನೀವು ಬರೆದರೆ ಈ ಕಾಗದ ನಾನು ಬರೆಯುವುದೇ ಇಲ್ಲ. ನಿಮಗೆ ನನ್ನ ಹೆಸರು ತಿಳಿಯುವುದಿಲ್ಲ. ಪರವಾಗಿಲ್ಲ.

ಸೈರನ್ ಕೂಗಿತು. ದೊಡ್ಡವ್ವ ಟಾಕಿಯಲ್ಲಿ ಕೋಲು ಇಳಿಸಿದ್ದಾಳೆ, ನಾಲ್ಕು ಬೆರಳು ತೋರಿಸುತ್ತಿದ್ದಾಳೆ. ನಿನ್ನೆ ಐದಿತ್ತು. ನಾನು ಹೋಗಿ ಅವಳ ಕೈಯಿಂದ ಕೋಲು ಇಸಿದುಕೊಳ್ಳುತ್ತೇನೆ. ಇವತ್ತು ಗೆರೆಯ ಆಚೆಗೆ ಕೂರಿಸಿಯೇ ತೀರುತ್ತೇನೆ, ಬೇಕಾದರೆ ಬಾಗಿಲಲ್ಲಿ ನಾನು ಕೂರುತ್ತೇನೆ.

ಇರುತ್ತೀನಿ,
ಹುಸೇನಪ್ಪ
ಅಂಬ್ರವ್ವನ ತಂಗಿಯ ಮಗ